ತಾಲಿಬಾನ್ ಹುಟ್ಟಿದ್ದು ಹೇಗೆ? ಕಂದಹಾರ್ ರಸ್ತೆಯಿಂದ ಕಾಬೂಲ್‌ವರೆಗೆ

[ಮ್ಯಾಪ್: ಕ್ವೆಟ್ಟಾ, ಚಮನ್, ಸ್ಪಿನ್ ಬೋಲ್ದಕ್, ಕಂದಹಾರ್]

ನಮಸ್ಕಾರ. ಈ ಮ್ಯಾಪ್ ನೋಡಿ. ಇದು ಪಾಕಿಸ್ತಾನದ ಕ್ವೆಟ್ಟಾ. ಚಮನ್ ಹತ್ತಿರ ಗಡಿ ದಾಟಿದರೆ ಅಫ್ಗಾನಿಸ್ತಾನದ ಸ್ಪಿನ್ ಬೋಲ್ದಕ್. ಅಲ್ಲಿಂದ ಸುಮಾರು 100 ಕಿಲೋಮೀಟರ್ ಹೋದರೆ ಕಂದಹಾರ್. ದಾಳಿಂಬೆಗೆ, ದ್ರಾಕ್ಷಿಗೆ ಹೆಸರಾದ ಊರು.

1994ರಲ್ಲಿ ಈ ರಸ್ತೆಯಲ್ಲಿ ಲಾರಿ ಓಡಿಸುವವರು ಜೀವ ಕೈಯಲ್ಲಿ ಹಿಡಿದುಕೊಂಡೇ ಹೊರಡಬೇಕಿತ್ತು. ಸ್ವಲ್ಪ ದೂರ ಹೋದರೆ ರಸ್ತೆಗೆ ಅಡ್ಡಲಾಗಿ ಒಂದು ಸರಪಳಿ. ಪಕ್ಕದಲ್ಲಿ ಬಂದೂಕು ಹಿಡಿದವರು. ದುಡ್ಡು ಕೊಟ್ಟರೆ ಸರಪಳಿ ಇಳಿಯುತ್ತಿತ್ತು. ಇನ್ನೊಂದಿಷ್ಟು ಮುಂದೆ ಹೋದರೆ ಬೇರೆ ಕಮಾಂಡರ್, ಬೇರೆ ಸರಪಳಿ, ಮತ್ತೆ ವಸೂಲಿ. ಬರೀ ದುಡ್ಡಿಗೆ ಮುಗಿದರೆ ಪುಣ್ಯ. ಊರೊಳಗೂ ಇದೇ ಕಥೆ. ಮನೆ ಕಿತ್ತುಕೊಳ್ಳುತ್ತಿದ್ದರು, ಅಂಗಡಿ ದೋಚುತ್ತಿದ್ದರು, ಹುಡುಗಿಯರನ್ನೂ ಹುಡುಗರನ್ನೂ ಎಳೆದುಕೊಂಡು ಹೋಗುತ್ತಿದ್ದರು.

ತಾಲಿಬಾನ್ ಕಥೆಯನ್ನು ಇಲ್ಲಿಂದಲೇ ಶುರು ಮಾಡಬೇಕು ಅಂತ ನನ್ನ ನಂಬಿಕೆ. "ಆ ಜನಕ್ಕೆ ಅಂಥವರೇ ಬೇಕಿತ್ತು" ಅಂತ ಸುಮ್ನೆ ಹೇಳಿಬಿಡುವವರು ಜಾಸ್ತಿ. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕಂದಹಾರ್ ಜನಕ್ಕೆ ಬೇಕಿದ್ದದ್ದು ಭಯವಿಲ್ಲದೆ ಓಡಾಡುವ ಒಂದು ರಸ್ತೆ, ಅಷ್ಟೇ.

ಇಷ್ಟು ಹದಗೆಟ್ಟದ್ದು ಹೇಗೆ? ಸ್ವಲ್ಪ ಹಿಂದೆ ಹೋಗೋಣ. 1979ರ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ಅಫ್ಗಾನಿಸ್ತಾನಕ್ಕೆ ನುಗ್ಗಿತು. ಅದರ ವಿರುದ್ಧ ಹೋರಾಡಿದ ಮುಜಾಹಿದೀನ್ ಗುಂಪುಗಳಿಗೆ ಅಮೆರಿಕ, ಸೌದಿ ಅರೇಬಿಯಾದ ಹಣ, ಆಯುಧ ಪಾಕಿಸ್ತಾನದ ಗುಪ್ತಚರ ಸಂಸ್ಥೆ ಐಎಸ್‌ಐ ಮೂಲಕ ಬಂತು. 1989ರ ಫೆಬ್ರುವರಿ 15ಕ್ಕೆ ಸೋವಿಯತ್ ಸೇನೆ ವಾಪಸ್ ಹೋಯಿತು. ಆಯುಧಗಳು ಮಾತ್ರ ಅಲ್ಲೇ ಉಳಿದವು. ಸೋವಿಯತ್ ಬೆಂಬಲವಿದ್ದ ಅಫ್ಗನ್ ಅಧ್ಯಕ್ಷ ನಜೀಬುಲ್ಲಾ ಇನ್ನೂ ಮೂರು ವರ್ಷ ಹೇಗೋ ತಡೆದುಕೊಂಡರು. ಸೋವಿಯತ್ ಒಕ್ಕೂಟವೇ ಒಡೆದು ನೆರವು ನಿಂತ ಮೇಲೆ, 1992ರ ಏಪ್ರಿಲ್‌ನಲ್ಲಿ ಅವರ ಸರ್ಕಾರ ಬಿತ್ತು.

[ದೃಶ್ಯ: ಪಶ್ಚಿಮ ಕಾಬೂಲ್‌ನ ಕುಸಿದ ಮನೆಗಳು]

ಗೆದ್ದ ಮುಜಾಹಿದೀನ್ ನಾಯಕರು ಕಾಬೂಲ್‌ಗೆ ಬಂದರು. ಬಂದವರೇ ತಮ್ಮತಮ್ಮಲ್ಲೇ ಕಾದಾಡಲು ನಿಂತರು. ರಬ್ಬಾನಿ ಅಧ್ಯಕ್ಷರಾದರು, ಅವರ ಪಕ್ಕದಲ್ಲಿ ಸೇನಾ ನಾಯಕ ಅಹಮದ್ ಷಾ ಮಸೂದ್. ಎದುರು ಗುಲ್ಬುದ್ದೀನ್ ಹೆಕ್ಮತ್ಯಾರ್. ಐಎಸ್‌ಐ ಅತಿ ಹೆಚ್ಚು ನೆರವು ಕೊಟ್ಟು ಬೆಳೆಸಿದ ಮನುಷ್ಯ ಈತ. ಊರಿನ ದಕ್ಷಿಣದಲ್ಲಿ ಕೂತು ಕಾಬೂಲ್ ಮೇಲೆ ರಾಕೆಟ್ ಸುರಿಸಿದ. ಉಜ್ಬೆಕ್ ನಾಯಕ ದೋಸ್ತುಮ್ ಮೊದಲು ಸರ್ಕಾರದ ಕಡೆ ಇದ್ದವನು 1994ರ ಜನವರಿಯಲ್ಲಿ ಹೆಕ್ಮತ್ಯಾರ್ ಕಡೆ ಸೇರಿಕೊಂಡ. ಈ ಜಗಳದಲ್ಲಿ ಹತ್ತಾರು ಸಾವಿರ ಜನ ಸತ್ತರು. ಸೋವಿಯತ್ ಯುದ್ಧದ ಕಾಲದಲ್ಲೂ ಹೆಚ್ಚುಕಮ್ಮಿ ಉಳಿದುಕೊಂಡಿದ್ದ ಕಾಬೂಲ್ ಈಗ ತನ್ನವರ ಕೈಯಲ್ಲೇ ಹಾಳಾಯಿತು.

ಅತ್ತ ಗಡಿಯಾಚೆ ಇನ್ನೊಂದು ತಲೆಮಾರು ಬೆಳೆಯುತ್ತಿತ್ತು. 1980ರ ದಶಕದಲ್ಲಿ ಪಾಕಿಸ್ತಾನ ಒಂದಕ್ಕೇ 30 ಲಕ್ಷಕ್ಕೂ ಹೆಚ್ಚು ಅಫ್ಗನ್ ನಿರಾಶ್ರಿತರು ಬಂದಿದ್ದರು. ಟೆಂಟ್‌ನಲ್ಲಿ ಹುಟ್ಟಿದ ಹುಡುಗರು. ಎಷ್ಟೋ ಜನಕ್ಕೆ ಅಪ್ಪ ಇಲ್ಲ. ಜಮೀನಿಲ್ಲ, ಕಸುಬು ಗೊತ್ತಿಲ್ಲ. ಅವರಿಗೆ ಊಟ, ಮಲಗಲು ಜಾಗ, ಒಂದಿಷ್ಟು ಓದು ಪುಕ್ಕಟೆಯಾಗಿ ಸಿಗುತ್ತಿದ್ದದ್ದು ಮದರಸಾಗಳಲ್ಲಿ. ಅಲ್ಲಿ ಓದುವ ಹುಡುಗನನ್ನೇ ತಾಲಿಬ್ ಅನ್ನುತ್ತಾರೆ, ತಾಲಿಬಾನ್ ಅಂದರೆ ಅಂಥ ಹುಡುಗರು. ಅಕೋಡಾ ಖಟಕ್‌ನ ಹಕ್ಕಾನಿಯಾ ಮದರಸಾದಿಂದ ಮುಂದೆ ತಾಲಿಬಾನ್‌ನ ಎಷ್ಟೋ ನಾಯಕರು ಬಂದರು. ತಾಯಿ, ಅಕ್ಕತಂಗಿಯರಿಂದ ದೂರ, ಬರೀ ಗಂಡುಹುಡುಗರ ನಡುವೆ, ಯುದ್ಧದ ಮಾತು ಕೇಳುತ್ತಲೇ ಅವರು ದೊಡ್ಡವರಾದರು. ಹೆಂಗಸರ ಬಗ್ಗೆ ತಾಲಿಬಾನ್ ಮುಂದೆ ತೋರಿಸಿದ ಕ್ರೌರ್ಯಕ್ಕೆ ಈ ಬಾಲ್ಯವೂ ಒಂದು ಕಾರಣ.

ಈಗ ಮತ್ತೆ ಕಂದಹಾರ್. ಊರಿನ ಪಶ್ಚಿಮಕ್ಕೆ ಸಂಗೇಸರ್ ಅಂತ ಒಂದು ಹಳ್ಳಿ. ಅಲ್ಲಿನ ಮಸೀದಿಯಲ್ಲಿ ಮುಲ್ಲಾ ಒಮರ್, ಮುಂದೆ ತಾಲಿಬಾನ್ ನಾಯಕನಾದವನು. ಯುದ್ಧದಲ್ಲಿ ಒಂದು ಕಣ್ಣು ಕಳೆದುಕೊಂಡವನು, ಮಾತು ಕಡಿಮೆ. ಒಬ್ಬ ಕಮಾಂಡರ್ ಇಬ್ಬರು ಹುಡುಗಿಯರನ್ನು ಹೊತ್ತೊಯ್ದಿದ್ದ, ಒಮರ್ 30 ಹುಡುಗರನ್ನು, 16 ಬಂದೂಕುಗಳನ್ನು ಕೂಡಿಸಿಕೊಂಡು ಹೋಗಿ ಅವರನ್ನು ಬಿಡಿಸಿದ, ಕಮಾಂಡರ್‌ನನ್ನು ಟ್ಯಾಂಕಿನ ಕೊಳವೆಗೇ ನೇಣು ಹಾಕಿದ ಅಂತ ಒಂದು ಕಥೆ ಇದೆ. ತಾಲಿಬಾನ್ ಕಡೆಯವರೇ ಹರಡಿದ ಕಥೆ ಇದು. ಜನ ಅದನ್ನು ನಂಬಿದರು, ಯಾಕೆಂದರೆ ಅಂಥ ಕಮಾಂಡರ್‌ಗಳನ್ನು ಅವರು ದಿನಾ ನೋಡುತ್ತಿದ್ದರು.

ಆದರೆ 30 ಹುಡುಗರಿಂದ ಒಂದು ದೇಶ ಕೈಗೆ ಬರುವುದಿಲ್ಲ, ಅಲ್ವಾ? ಇಲ್ಲಿ ಪಾಕಿಸ್ತಾನ ಬರುತ್ತದೆ. ಆಗ ಬೆನಜೀರ್ ಭುಟ್ಟೊ ಪ್ರಧಾನಿ, ನಸೀರುಲ್ಲಾ ಬಾಬರ್ ಒಳಾಡಳಿತ ಸಚಿವ. ಕಂದಹಾರ್, ಹೆರಾತ್ ಮೂಲಕ ಮಧ್ಯ ಏಷ್ಯಾಕ್ಕೆ ವ್ಯಾಪಾರದ ದಾರಿ ತೆರೆಯಬೇಕು ಅಂತ ಬಾಬರ್ ಹಟ. ಕ್ವೆಟ್ಟಾದ ಲಾರಿ ಮಾಲೀಕರಿಗೂ ಅದೇ ಬೇಕಿತ್ತು. ಇತ್ತ ಹೆಕ್ಮತ್ಯಾರ್ ಎಷ್ಟು ಬಡಿದಾಡಿದರೂ ಕಾಬೂಲ್ ಸಿಕ್ಕಿರಲಿಲ್ಲ. ಪಾಕಿಸ್ತಾನ ಹೊಸ ಕುದುರೆ ಹುಡುಕುತ್ತಿತ್ತು.

1994ರ ಅಕ್ಟೋಬರ್‌ನಲ್ಲಿ ಒಮರ್ ಗುಂಪು, ಅಂದರೆ ತಾಲಿಬಾನ್, ಸ್ಪಿನ್ ಬೋಲ್ದಕ್ ಹಿಡಿಯಿತು. ಹತ್ತಿರದ ಆಯುಧ ಗೋದಾಮೂ ಕೈಗೆ ಬಂತು. ಅದೇ ತಿಂಗಳ ಕೊನೆಗೆ ಪಾಕಿಸ್ತಾನದಿಂದ ಸುಮಾರು 30 ಲಾರಿಗಳು ತುರ್ಕ್‌ಮೆನಿಸ್ತಾನದ ಕಡೆ ಹೊರಟವು. ಕಂದಹಾರ್ ಹತ್ತಿರ ಕಮಾಂಡರ್‌ಗಳು ಅವನ್ನು ತಡೆದರು. ತಾಲಿಬಾನ್ ಬಂದು ಬಿಡಿಸಿತು. ಅಲ್ಲಿಗೇ ನಿಲ್ಲದೆ ಊರೊಳಗೆ ನುಗ್ಗಿತು. ನವೆಂಬರ್ ಮೊದಲ ವಾರದಲ್ಲಿ ಕಂದಹಾರ್ ಅವರದಾಯಿತು. ಊರಿನ ಅತಿ ಬಲಶಾಲಿ ಕಮಾಂಡರ್ ಮುಲ್ಲಾ ನಕೀಬ್ ಗುಂಡು ಹಾರಿಸದೆ ಜಾಗ ಬಿಟ್ಟುಕೊಟ್ಟ. ಟ್ಯಾಂಕ್, ಹೆಲಿಕಾಪ್ಟರ್, ಮಿಗ್ ಯುದ್ಧವಿಮಾನ ಕೂಡ ಸಿಕ್ಕವು.

ಮೊದಲು ಮಾಡಿದ ಕೆಲಸ ರಸ್ತೆಯ ಸರಪಳಿಗಳನ್ನು ತೆಗೆದದ್ದು. ಗಡಿಯಲ್ಲಿ ಒಂದೇ ಒಂದು ಸುಂಕ, ಮುಂದೆ ಯಾರೂ ಕೇಳುವಂತಿಲ್ಲ. ಡ್ರೈವರ್‌ಗಳು ನಿಟ್ಟುಸಿರು ಬಿಟ್ಟರು. ಲಾರಿ ಮಾಲೀಕರು ದುಡ್ಡು ಕೊಟ್ಟರು. ಪಾಕಿಸ್ತಾನದ ಮದರಸಾಗಳಿಂದ ಸಾವಿರಾರು ಹುಡುಗರು ಬಂದು ಸೇರಿದರು. ಹೆಣ್ಣುಮಕ್ಕಳ ಶಾಲೆಗಳನ್ನು ಮುಚ್ಚಿದ್ದೂ ಅದೇ ದಿನಗಳಲ್ಲಿ. ರಸ್ತೆ ತೆರೆದ ಸಂಭ್ರಮದಲ್ಲಿ ಹೊರಗಿನ ಪ್ರಪಂಚ ಅದನ್ನು ಜಾಸ್ತಿ ಗಮನಿಸಲಿಲ್ಲ. ಕಾಬೂಲ್‌ನಲ್ಲಿದ್ದ ರಬ್ಬಾನಿಗೂ ಮೊದಲು ಖುಷಿಯೇ ಆಗಿತ್ತು. ಹೆಕ್ಮತ್ಯಾರ್‌ನನ್ನು ಇವರು ಮುಗಿಸುತ್ತಾರೆ ಅನ್ನುವ ಲೆಕ್ಕ.

[ಮ್ಯಾಪ್: ಕಂದಹಾರ್‌ನಿಂದ ಚಾರಾಸ್ಯಾಬ್, ಹೆರಾತ್, ಕಾಬೂಲ್]

ಲೆಕ್ಕದ ಅರ್ಧ ಸರಿಯಾಯಿತು. 1995ರ ಫೆಬ್ರುವರಿಯಲ್ಲಿ ಹೆಕ್ಮತ್ಯಾರ್ ಕಾಬೂಲ್ ದಕ್ಷಿಣದ ತನ್ನ ಚಾರಾಸ್ಯಾಬ್ ನೆಲೆ ಬಿಟ್ಟು ಓಡಿದ. ಮಾರ್ಚ್‌ನಲ್ಲಿ ಮಸೂದ್ ತಾಲಿಬಾನ್ ಅನ್ನು ಹಿಂದಕ್ಕೆ ಅಟ್ಟಿದ. ಕೆಲವೇ ತಿಂಗಳಲ್ಲಿ ಅವರು ತಿರುಗಿ ಬಂದರು. ಈ ಸಲ ಕಾಬೂಲ್ ಮೇಲೆ ರಾಕೆಟ್ ಹಾರಿಸಿದ್ದು ತಾಲಿಬಾನ್. ಶಾಂತಿ ತರುತ್ತೇವೆ ಅಂತ ಬಂದವರು!

ಅಷ್ಟರಲ್ಲಿ 1995ರ ಸೆಪ್ಟೆಂಬರ್ 5ಕ್ಕೆ ಹೆರಾತ್ ಬಿದ್ದಿತ್ತು. ಹೆರಾತ್ ಪರ್ಷಿಯನ್ ಮಾತಾಡುವ ಊರು. ಕಾವ್ಯ, ಚಿತ್ರಕಲೆಗೆ ಹೆಸರಾದ ಊರು. ಇಸ್ಮಾಯಿಲ್ ಖಾನ್ ಆಡಳಿತದಲ್ಲಿ ಅಲ್ಲಿ ಸಾವಿರಾರು ಹುಡುಗಿಯರು ಶಾಲೆಗೆ ಹೋಗುತ್ತಿದ್ದರು. ತಾಲಿಬಾನ್ ಆ ಶಾಲೆಗಳಿಗೆ ಬೀಗ ಹಾಕಿತು. ಹೆರಾತ್ ಜನ ಯಾವ ಸರಪಳಿ ತೆಗೆಸಲೂ ಇವರನ್ನು ಕರೆದಿರಲಿಲ್ಲ. ಅವರ ಪಾಲಿಗೆ ಇದು ನೇರ ಆಕ್ರಮಣ.

1996ರ ಏಪ್ರಿಲ್‌ನಲ್ಲಿ ಒಮರ್ ಕಂದಹಾರ್‌ನಲ್ಲಿ ಪ್ರವಾದಿಯವರದು ಎಂದು ನಂಬುವ ನಿಲುವಂಗಿಯನ್ನು ಜನರೆದುರು ಹೊದ್ದು ತೋರಿಸಿದ. ಮುಲ್ಲಾಗಳು ಅವನನ್ನು ಅಮೀರುಲ್ ಮೋಮಿನೀನ್, ಅಂದರೆ ನಂಬಿದವರೆಲ್ಲರ ನಾಯಕ, ಎಂದು ಸಾರಿದರು. ಇನ್ನು ಅವನನ್ನು ಪ್ರಶ್ನಿಸುವುದು ಧರ್ಮವನ್ನೇ ಪ್ರಶ್ನಿಸಿದಂತೆ. ಅದೇ ಸೆಪ್ಟೆಂಬರ್‌ನಲ್ಲಿ ಜಲಾಲಾಬಾದ್ ಬಿತ್ತು. 26ರ ರಾತ್ರಿ ಮಸೂದ್ ಸೇನೆ ಕಾಬೂಲ್ ಬಿಟ್ಟಿತು. ವಿಶ್ವಸಂಸ್ಥೆಯ ಕಟ್ಟಡದಲ್ಲಿ ನಾಲ್ಕು ವರ್ಷದಿಂದ ಆಶ್ರಯ ಪಡೆದಿದ್ದ ನಜೀಬುಲ್ಲಾರನ್ನು ಎಳೆದು ತಂದು ಕೊಂದು, ಬೀದಿಯಲ್ಲಿ ನೇತುಹಾಕಿದರು.

ಕಾಬೂಲ್ ಹೆಂಗಸರಿಗೆ ಕೆಲಸಕ್ಕೆ ಬರಬೇಡಿ ಅಂದರು. ಶಾಲಾ ಶಿಕ್ಷಕರಲ್ಲಿ ಹೆಚ್ಚಿನವರು ಹೆಂಗಸರೇ. ಹಾಗಾಗಿ ಗಂಡುಮಕ್ಕಳ ಎಷ್ಟೋ ಶಾಲೆಗಳೂ ನಿಂತವು. ಯುದ್ಧದಲ್ಲಿ ಗಂಡ ಸತ್ತ ಸಾವಿರಾರು ಹೆಂಗಸರು ಆ ಊರಿನಲ್ಲಿದ್ದರು. ದುಡಿಯುವಂತಿಲ್ಲ ಅಂದರೆ ಅವರು ಮಕ್ಕಳಿಗೆ ಏನು ತಿನ್ನಿಸಬೇಕು? ಅವರನ್ನು ಯಾರಾದರೂ ಕೇಳಿದ್ದರೇ, ನಿಮಗೆ ಎಂಥ ಸರ್ಕಾರ ಬೇಕು ಅಂತ?

ಆ ಸರ್ಕಾರವನ್ನು ಒಪ್ಪಿದ್ದು ಪಾಕಿಸ್ತಾನ, ಸೌದಿ ಅರೇಬಿಯಾ, ಯುಎಇ ಮಾತ್ರ. ಭಾರತ 1996ರಲ್ಲೇ ಕಾಬೂಲ್‌ನ ರಾಯಭಾರ ಕಚೇರಿ ಮುಚ್ಚಿ ತನ್ನವರನ್ನು ಕರೆಸಿಕೊಂಡಿತು. 1999ರ ಡಿಸೆಂಬರ್‌ನಲ್ಲಿ ಅಪಹರಣವಾದ ನಮ್ಮ ಐಸಿ-814 ವಿಮಾನ ಕಂದಹಾರ್‌ನಲ್ಲಿ ಇಳಿದಾಗ ಅಲ್ಲಿ ನಮ್ಮ ಒಬ್ಬ ಅಧಿಕಾರಿಯೂ ಇರಲಿಲ್ಲ. ಮಾನ್ಯತೆಯನ್ನೇ ಕೊಡದ ಸರ್ಕಾರದ ಜೊತೆ ಭಾರತ ಕೂತು ಮಾತಾಡಬೇಕಾಯಿತು. ಆ ಒಂದು ವಾರದ ಕಥೆ ಮುಂದಿನ ವಿಡಿಯೋದಲ್ಲಿ.