"ಹೇಳಿದರೆ ಫೋನ್ ಕಿತ್ಕೊಳ್ತಾರೆ"

ನಮಸ್ಕಾರ. ಬದಿಯಡ್ಕ, ಪೆರ್ಲ, ಮಂಜೇಶ್ವರ ಕಡೆ ಅಡಿಕೆ ಸುಲಿಯುತ್ತಾ ರೇಡಿಯೋ ಹಾಕಿಕೊಂಡು ಕೂತವರಿದ್ದರೆ ಸ್ವಲ್ಪ ಸೌಂಡ್ ಜಾಸ್ತಿ ಮಾಡಿ. ಪಕ್ಕದಲ್ಲಿ ಮಕ್ಕಳಿದ್ದರೂ ಪರವಾಗಿಲ್ಲ, ಅವರೂ ಕೇಳಲಿ.

ನನ್ನ ಅಕ್ಕನ ಮಗ ಒಂಬತ್ತನೇ ಕ್ಲಾಸು. ಫೋನಿನಲ್ಲಿ ಆಟ ಆಡುವಾಗ ಒಬ್ಬ ಪರಿಚಯವಾದ. ಮೊದಲು ಆಟದ ಕಾಯಿನ್ ಕೊಡಿಸಿದ, ಮಲೆಯಾಳದಲ್ಲಿ ಚಂದ ಮಾತಾಡಿದ, ಇವನು ಕನ್ನಡ ಶಾಲೆಯವನು ಅಂತ ಗೊತ್ತಾದದ್ದೇ ಕನ್ನಡದಲ್ಲಿ ಟೈಪ್ ಮಾಡಲು ಶುರುಮಾಡಿದ. ಆಮೇಲೆ ವಾಟ್ಸಾಪಿಗೆ ಬಾ ಅಂದ. ಆಮೇಲೆ ಒಂದು ಫೋಟೋ ಕೇಳಿದ, ಎಂಥ ಫೋಟೋ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಕಳಿಸಿದ ಮೇಲೆ ಬಂದದ್ದು ಬೆದರಿಕೆ: ಐದು ಸಾವಿರ ಹಾಕು, ಇಲ್ಲದಿದ್ದರೆ ನಿನ್ನ ಕ್ಲಾಸಿನ ಗ್ರೂಪಿಗೆ ಹಾಕುತ್ತೇನೆ.

ನಾಲ್ಕು ದಿನ ಹುಡುಗ ಸರಿಯಾಗಿ ಊಟ ಮಾಡಲಿಲ್ಲ. ಅಕ್ಕ ಜ್ವರ ಇರಬೇಕು ಅಂತ ಕಷಾಯ ಕುಡಿಸಿದಳು! ಕೊನೆಗೆ ಒಂದು ರಾತ್ರಿ ನನ್ನ ಹತ್ತಿರ ಬಾಯಿಬಿಟ್ಟ. ಅಮ್ಮನಿಗೆ ಯಾಕೆ ಹೇಳಲಿಲ್ಲ ಮಾರಾಯ ಅಂದರೆ, "ಹೇಳಿದರೆ ಫೋನ್ ಕಿತ್ಕೊಳ್ತಾರೆ ಚಿಕ್ಕಮ್ಮ" ಅಂದ. ಬೆದರಿಸುವವನಿಗೆ ಬೇಕಾದ್ದೂ ಅದೇ ಅಲ್ವಾ, ಮನೆಯಲ್ಲಿ ಬಾಯಿಬಿಡದ ಮಗು.

ಫೋನಿಗೆ ಲಾಕ್ ಹಾಕಿ, ಮಕ್ಕಳ ಫೋನಿನ ಮೇಲೆ ಕಣ್ಣಿಡುವ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕಿಂತ ಮೊದಲು ಮಗುವಿಗೆ ಒಂದು ಮಾತು ಹೇಳಿಡಿ: ಏನೇ ಎಡವಟ್ಟಾದರೂ ನನ್ನ ಹತ್ತಿರ ಬಾ, ಫೋನ್ ಕಿತ್ಕೊಳ್ಳುವುದಿಲ್ಲ. ಹೇಳಿದ ಮೇಲೆ ಉಳಿಸಿಕೊಳ್ಳುವುದು ಕಷ್ಟ, ನನಗೂ ಆ ರಾತ್ರಿ ಕೈ ಎತ್ತುವಷ್ಟು ಸಿಟ್ಟು ಬಂದಿತ್ತು.

ದುಡ್ಡು ಹಾಕಲಿಲ್ಲ ನಾವು. ಒಮ್ಮೆ ಹಾಕಿದರೆ ಮತ್ತೆ ಕೇಳುತ್ತಾರೆ. ಹುಡುಗ ಹೆದರಿ ಚಾಟ್ ಅಳಿಸಲು ಹೊರಟಿದ್ದ, ತಡೆದೆ, ಸಾಕ್ಷಿ ಅಂತ ಇರುವುದೇ ಅದು. ಬೆದರಿಕೆ ಮೆಸೇಜು, ಅವನ ನಂಬರು, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದೇ ಬ್ಲಾಕ್ ಮಾಡಿದ್ದು. ಆಮೇಲೆ 1098ಕ್ಕೆ ಫೋನ್ ಮಾಡಿದೆವು, ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಸ್ಟೇಷನ್ ಮೆಟ್ಟಿಲು ಹತ್ತಲು ನಾಚಿಕೆ ಅನ್ನುವವರು ಸರಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಇಂಥ ದೂರನ್ನು ಹೆಸರು ಹೇಳದೆಯೂ ಕೊಡಬಹುದು.

ಟೇಕ್ ಇಟ್ ಡೌನ್ ಅಂತ ಒಂದು ಉಚಿತ ಸೇವೆಯೂ ಉಂಟು, 18 ದಾಟದಿದ್ದಾಗ ತೆಗೆದ ಇಂಥ ಫೋಟೋಗಳಿಗೆ. ಫೋಟೋ ನಿಮ್ಮ ಫೋನಿನಿಂದ ಹೊರಗೆ ಹೋಗುವುದಿಲ್ಲ, ಅದರ ಬೆರಳಚ್ಚಿನಂಥ ಒಂದು ಗುರುತು ಮಾತ್ರ ಹೋಗುತ್ತದೆ. ಅದನ್ನು ಹಿಡಿದು ಫೇಸ್‌ಬುಕ್, ಇನ್‌ಸ್ಟಾಗ್ರಾಂನವರು ಆ ಫೋಟೋ ಹುಡುಕಿ ತೆಗೆಯಬಹುದು. ಹಾಂ, ಯಾರದೋ ಮಗುವಿನ ಇಂಥ ಫೋಟೋ ನಿಮಗೇ ಬಂತು ಅಂತಿಟ್ಟುಕೊಳ್ಳಿ, "ನೋಡಿ ಇಂಥವರ ಮಗ" ಅಂತ ಸುಮ್ನೆ ಕೂಡ ಫಾರ್ವರ್ಡ್ ಮಾಡಬೇಡಿ. ಐಟಿ ಕಾಯ್ದೆ, ಅಂದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ಪ್ರಕಾರ ಅದೂ ಅಪರಾಧ.

ಹುಡುಗನ ಫೋನ್ ಈಗಲೂ ಅವನ ಹತ್ತಿರವೇ ಉಂಟು. ಮೊನ್ನೆ ಯಾರದೋ ಹೊಸ ರಿಕ್ವೆಸ್ಟ್ ಬಂದಾಗ ಊಟದ ಮಧ್ಯೆಯೇ ಎಡಗೈಯಲ್ಲಿ ಫೋನ್ ಎತ್ತಿ ಅಕ್ಕನಿಗೆ ತೋರಿಸಿದನಂತೆ, "ಅಮ್ಮ, ಇವನು ಯಾರು ನೋಡು."