ಬಿಸಿಲೂರಿನಲ್ಲಿ ಡಿ ಕೊರತೆ, ಲಿವರಿನಲ್ಲಿ ಕೊಬ್ಬು

ಕೇಳುಗರಿಗೆಲ್ಲ ನಮಸ್ಕಾರ.

ಈಗೀಗ ಕಲಬುರಗಿಯಲ್ಲಿ ಡಾಕ್ಟರ ಹತ್ತಿರ ಬರುವ ಎಷ್ಟೋ ಜನರ ಕೈಯಲ್ಲಿ ಎರಡು ರಿಪೋರ್ಟ್ ಇರುತ್ತವೆ. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ 'ಫ್ಯಾಟಿ ಲಿವರ್ ಗ್ರೇಡ್ 1', ಅಂದರೆ ಲಿವರಿನಲ್ಲಿ ಕೊಬ್ಬು ಸೇರಿದ ಮೊದಲ ಹಂತ. ರಕ್ತದ ರಿಪೋರ್ಟ್‌ನಲ್ಲಿ ವಿಟಮಿನ್ ಡಿ 20ಕ್ಕಿಂತ ಕಡಿಮೆ, ಅಂದರೆ ಕೊರತೆ. ಕೂತ ಕೂಡಲೇ ಕೇಳುತ್ತಾರೆ: "ಸರ್, ಡಿ ಪುಡಿ ತಗೊಂಡ್ರ ಲಿವರ್‌ದಾಗಿನ ಕೊಬ್ಬು ಕರಗ್ತದೇನ್ರಿ?"

ಪುಡಿಯೊಂದರಿಂದ ಕರಗುವುದಿಲ್ಲ. ಆದರೆ ಇವೆರಡಕ್ಕೂ ನಂಟು ಇರುವುದು ನಿಜ.

ಬಿಸಿಲು ಬಿದ್ದಾಗ ಚರ್ಮದಲ್ಲಿ ಡಿ ತಯಾರಾಗುತ್ತದೆ. ಅದು ಹಾಗೇ ಕೆಲಸಕ್ಕೆ ಬರುವುದಿಲ್ಲ. ಮೊದಲು ಲಿವರಿಗೆ ಹೋಗಿ ರೂಪ ಬದಲಿಸುತ್ತದೆ, ಆಮೇಲೆ ಕಿಡ್ನಿಯಲ್ಲಿ ಪೂರ್ತಿ ಸಿದ್ಧವಾಗುತ್ತದೆ. ಲ್ಯಾಬಿನವರು ಅಳೆಯುವುದು ಲಿವರ್ ಮಾಡಿಕೊಟ್ಟ ಆ ರೂಪವನ್ನೇ. ಇನ್ನೊಂದು ವಿಷಯ, ಡಿ ಕೊಬ್ಬಿನಲ್ಲಿ ಕರಗುವ ವಿಟಮಿನ್. ಬೊಜ್ಜು ಇದ್ದವರಲ್ಲಿ ಅದು ಕೊಬ್ಬಿನೊಳಗೇ ಸೇರಿಕೊಳ್ಳುತ್ತದೆ, ರಕ್ತಕ್ಕೆ ಕಡಿಮೆ ಸಿಗುತ್ತದೆ. ಹಗೇವಿನಲ್ಲಿ ಜೋಳ ಇದೆ, ಬುಟ್ಟಿಯಲ್ಲಿ ಇಲ್ಲ ಅನ್ನುವ ಹಾಗೆ. ಅದೇ ಬೊಜ್ಜು ಲಿವರಿನಲ್ಲೂ ಕೊಬ್ಬು ತುಂಬುತ್ತದೆ. ದಿನವಿಡೀ ಅಂಗಡಿ ಗಲ್ಲೆಯಲ್ಲೋ ಆಫೀಸಿನಲ್ಲೋ ಕೂತವರಿಗೆ ಬಿಸಿಲೂ ಇಲ್ಲ, ನಡಿಗೆಯೂ ಇಲ್ಲ. ಹೀಗಿರುವಾಗ ಯಾವುದರಿಂದ ಯಾವುದು ಬಂತು ಅಂತ ಹೇಳುವುದು ಕಷ್ಟ. ಫ್ಯಾಟಿ ಲಿವರ್ ಇದ್ದವರಲ್ಲಿ ಡಿ ಕಡಿಮೆ ಇರುವುದು ಬಹಳ ಅಧ್ಯಯನಗಳಲ್ಲಿ ಕಂಡಿದೆ. ಆದರೆ ಡಿ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಲಿವರಿನ ಕೊಬ್ಬು ಇಳಿಯಿತು ಅಂತ ಖಚಿತವಾಗಿ ಕಂಡಿಲ್ಲ.

ನಮ್ಮೂರಲ್ಲಿ ಬಿಸಿಲಿಗೇನು ಬರ ಅಂತೀರಿ. ಹೌದು, ಆದರೆ ನಾವು ಅದರಿಂದ ಓಡುವವರು, ಅಲ್ವಾ? ಬೆಳಗಿನ ಎಳೆ ಬಿಸಿಲಿನಲ್ಲಿ ಡಿ ಹುಟ್ಟುವುದು ತೀರಾ ಕಡಿಮೆ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡ ಇರುವ ಹೊತ್ತು ನೋಡಿಕೊಳ್ಳಿ. ಡಿಸೆಂಬರ್‌ನಲ್ಲಿ ಅದು ಸುಮಾರು 11ರಿಂದ ಒಂದೂವರೆ. ಮೇ ತಿಂಗಳಲ್ಲಿ ಒಂಬತ್ತೂವರೆಗೆಲ್ಲ ನೆರಳು ಗಿಡ್ಡ ಆಗಿರುತ್ತದೆ. ಆಗ ಸ್ವಲ್ಪ ಹೊತ್ತು ಕೈಕಾಲಿಗೆ ಬಿಸಿಲು ತಾಗಲಿ. ಬೇಸಿಗೆಯ ಮಧ್ಯಾಹ್ನ ಮಾತ್ರ ಈ ಸಾಹಸ ಬೇಡ. ಕಿಟಕಿ ಗಾಜಿನ ಹಿಂದೆ ಕೂತರೆ ಬರೀ ಸೆಕೆ, ಡಿ ಇಲ್ಲ.

60,000 ಯೂನಿಟ್‌ನ ಪುಡಿಯ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಡಾಕ್ಟರು ಸಾಮಾನ್ಯವಾಗಿ ವಾರಕ್ಕೊಂದು, ಕೆಲವು ವಾರ ಮಾತ್ರ ಬರೆದಿರುತ್ತಾರೆ. ಮನೆಯವರೆಲ್ಲ ಅದೇ ಚೀಟಿ ತೋರಿಸಿ ತಿಂಗಳುಗಟ್ಟಲೆ ತಗೋತಾರೆ. ಕೆಲವರು ದಿನಾ ಕುಡಿದುಬಿಡ್ತಾರೆ. ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ವಾಂತಿ, ಸುಸ್ತು ಬರುತ್ತವೆ, ಕಿಡ್ನಿಗೂ ಪೆಟ್ಟು. ಕೊರತೆ ಇದ್ದರೆ ಪುಡಿ ಬೇಕೇ ಬೇಕು, ಎಲುಬಿಗೋಸ್ಕರ. ಎಷ್ಟು ದಿನ ಅನ್ನುವುದನ್ನು ಡಾಕ್ಟರು ಹೇಳಲಿ.

ಲಿವರಿಗೆ ಬೇಕಾದದ್ದು ತೂಕ ಇಳಿಸುವುದು. ನೂರಕ್ಕೆ 5ರಷ್ಟು ಇಳಿದರೂ ಅದರ ಕೊಬ್ಬು ಕಡಿಮೆಯಾಗುತ್ತದೆ. 7ರಿಂದ 10ರಷ್ಟು ಇಳಿದರೆ ಲಿವರಿನ ಉರಿಯೂತವೂ ತಗ್ಗಬಹುದು. ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿ ಪಲ್ಯ ಬಿಡಬೇಕಿಲ್ಲ. ಸಂಜೆಯ ಮಿರ್ಚಿ ಭಜಿ, ಸಕ್ಕರೆ ಸುರಿದ ಚಹಾ, ಬಾಟಲಿ ತಂಪು ಪಾನೀಯ ಕಡಿಮೆ ಮಾಡಿ. ಮದ್ಯ ಪೂರ್ತಿ ಬಿಡಿ.

ತೆಳ್ಳಗಿದ್ದೇವೆ, ನಮಗೇನು ಅನ್ನುವವರೂ ಕೇಳಿ. ನಮ್ಮಲ್ಲಿ ಮೈ ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದಿರುವವರು ಬಹಳ. ಅವರಿಗೂ ಫ್ಯಾಟಿ ಲಿವರ್ ಬರುತ್ತದೆ, ಮೊದಮೊದಲು ನೋವೂ ಇರುವುದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಕಂಡರೆ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ಮೂರನ್ನೂ ನೋಡಿಸಿಕೊಳ್ಳಿ. ನಮಸ್ಕಾರ.