ಒಬ್ಬರೇ ಹೊರುವ ಸಂಸಾರ

ಕೇಳುಗರಿಗೆ ನಮಸ್ಕಾರ.

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯನ್ನು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಅರಿಯದವರಿಲ್ಲ. ಅಲ್ಲಿ ಹರಾಜಾದ ಗೂಡು ನೂಲು ಬಿಚ್ಚುವ ಘಟಕಗಳಿಗೆ ಹೋಗುತ್ತದೆ. ಅಲ್ಲಿ ದಿನವಿಡೀ ಬಿಸಿನೀರಿನಲ್ಲಿ ಕೈಯಾಡಿಸಿ ಎಳೆ ಹಿಡಿಯುವ ಹೆಂಗಸರಲ್ಲಿ, ಮನೆಗೆ ತಮ್ಮದೊಂದೇ ದುಡಿಮೆ ಎನ್ನುವ ತಾಯಂದಿರಿದ್ದಾರೆ. ಈ ತಾಲ್ಲೂಕಿನ ಶಾಲೆಯೊಂದರಲ್ಲಿ ಹಲವು ವರ್ಷ ಪಾಠ ಹೇಳಿದ ನನಗೆ ಅವರ ಪರಿಚಯವಾದದ್ದು ಅವರ ಮಕ್ಕಳಿಂದ.

ಒಂಟಿ ಪೋಷಕರು ಎಂದರೆ ಸಂಗಾತಿಯನ್ನು ಕಳೆದುಕೊಂಡವರು, ಇಲ್ಲವೇ ವಿಚ್ಛೇದನ ಪಡೆದವರು ಎಂದು ನಾವು ತಿಳಿಯುತ್ತೇವೆ. ನಾನು ಕಂಡ ಎಷ್ಟೋ ಮನೆಗಳು ಎರಡಕ್ಕೂ ಸೇರಿದವಲ್ಲ. ಗಂಡ ಕೆಲಸಕ್ಕೆಂದು ಬೆಂಗಳೂರಿಗೆ ಹೋದ, ಮೊದಲು ವಾರಕ್ಕೊಮ್ಮೆ ಬಂದ, ಆಮೇಲೆ ಹಬ್ಬಕ್ಕೆ ಬಂದ, ಕಡೆಗೆ ಬರಲೇ ಇಲ್ಲ. ಮರಣ ಪ್ರಮಾಣಪತ್ರವಿಲ್ಲದ ಕಾರಣ ಆಕೆಗೆ ವಿಧವಾ ವೇತನ ಬರುವುದಿಲ್ಲ. ತಿಂಗಳ ವೇತನ ಕೊಡುವ ಮನಸ್ವಿನಿ ಯೋಜನೆ ಇರುವುದು ಅವಿವಾಹಿತ ಹಾಗೂ ವಿಚ್ಛೇದಿತ ಮಹಿಳೆಯರಿಗೆ, ಅದೂ 40 ವರ್ಷ ತುಂಬಿದವರಿಗೆ. ಇಪ್ಪತ್ತೆಂಟರ ಹರೆಯದಲ್ಲಿ ಎರಡು ಮಕ್ಕಳೊಡನೆ ಉಳಿದುಹೋದವಳು ಕಾಗದದ ಮೇಲೆ ಇನ್ನೂ ಗಂಡನಿರುವ ಗೃಹಿಣಿಯೇ.

ಮಕ್ಕಳ ಕಷ್ಟ ಬೇರೆ ಬಗೆಯದು, ಅದಕ್ಕೆ ನಾನೂ ಒಮ್ಮೆ ಕಾರಣಳಾದೆ. ಆರನೇ ತರಗತಿಯ ಹುಡುಗನೊಬ್ಬನನ್ನು, ಅರ್ಜಿ ತುಂಬುವ ಆತುರದಲ್ಲಿ, ಎಲ್ಲರೆದುರು "ನಿಮ್ಮಪ್ಪ ಏನು ಕೆಲಸ ಮಾಡ್ತಾರೆ?" ಎಂದು ಕೇಳಿದೆ. ಅವನು ಒಂದು ಕ್ಷಣ ತಡೆದು, "ದುಬೈನಲ್ಲಿದ್ದಾರೆ ಮಿಸ್" ಎಂದ. ಅಂದಿನಿಂದ ಆ ಸುಳ್ಳನ್ನು ಸಾಕುವ ಹೊರೆ ಅವನ ಮೇಲೆ ಬಿತ್ತು. ಅಪ್ಪ ಏನು ಕಳಿಸಿದರು, ಯಾವಾಗ ಬರುತ್ತಾರೆ ಎಂದು ಜೊತೆಯವರು ಕೇಳತೊಡಗಿದರು. ಹುಡುಗ ಶಾಲೆ ತಪ್ಪಿಸತೊಡಗಿದ. ಕಾರಣ ಹುಡುಕಿಕೊಂಡು ಮನೆಗೆ ಹೋದಾಗ ಆ ತಾಯಿ, "ಅವನು ಹಂಗೆ ಹೇಳಿದ್ದು ನಂಗೆ ಗೊತ್ತೇ ಇಲ್ಲ ಮೇಡಂ" ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡರು. ಆ ಪ್ರಶ್ನೆಯನ್ನು ನಾನು ಮತ್ತೆ ಯಾವ ಮಗುವಿಗೂ ಕೇಳಲಿಲ್ಲ.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದೆ ಹೋಗಿದೆ. ತಂದೆ ಬದುಕಿದ್ದರೂ ಮಗುವಿನ ಹೊಣೆ ಹೊರದಿದ್ದರೆ ತಾಯಿಯೇ ಸಹಜ ಪೋಷಕಿಯಾಗಬಲ್ಲಳೆಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿತು. 2016ರ ಕೊನೆಯಿಂದ ಪಾಸ್‌ಪೋರ್ಟಿಗೂ ತಂದೆ ತಾಯಿಯರಲ್ಲಿ ಒಬ್ಬರ ಹೆಸರು ಸಾಕು. ಹೀಗಿದ್ದೂ ಒಂದು ಶಾಲೆಯ ಅರ್ಜಿಗೆ, ಒಂದು ಪ್ರಮಾಣಪತ್ರಕ್ಕೆ "ಯಜಮಾನರನ್ನು ಕರ್ಕೊಂಡು ಬಾಮ್ಮ" ಎನ್ನುವುದು ನಿಂತಿಲ್ಲ.

ಒಂಟಿ ತಂದೆಯರ ಮಾತನ್ನೂ ಬಿಡುವಂತಿಲ್ಲ. ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವ ತಂದೆ ಬೆಳೆಯುತ್ತಿರುವ ಮಗಳನ್ನು ಯಾರ ಬಳಿ ಬಿಟ್ಟು ಹೋಗಬೇಕು? ತಾಯಿಯಿಲ್ಲದ ಮನೆಯಲ್ಲಾಗಲಿ, ತಾಯಿ ಕತ್ತಲಾದ ಮೇಲೆ ಬರುವ ಮನೆಯಲ್ಲಾಗಲಿ, ಅಡುಗೆಯೂ ತಮ್ಮಂದಿರೂ ಹಿರಿಯ ಹುಡುಗಿಯ ಪಾಲಿಗೆ ಬರುತ್ತವೆ; ಒಂಬತ್ತನೇ ತರಗತಿಗೆ ಬರುವಷ್ಟರಲ್ಲಿ ಅವಳ ಹಾಜರಿ ಕುಸಿದಿರುತ್ತದೆ.

ಈಗ ಒಂದು ಉಪಯುಕ್ತ ವಿಷಯ. ಮಕ್ಕಳ ರಕ್ಷಣೆಗಾಗಿ ಸರ್ಕಾರ ನಡೆಸುವ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಡಿ ಮಗುವಿಗೆ 18 ತುಂಬುವವರೆಗೆ ತಿಂಗಳಿಗೆ 4,000 ರೂಪಾಯಿ ನೆರವು ದೊರೆಯಬಹುದು. ವಿಧವೆಯರ, ವಿಚ್ಛೇದಿತರ ಮಕ್ಕಳಷ್ಟೇ ಅಲ್ಲ, ಕುಟುಂಬದವರು ಕೈಬಿಟ್ಟ ತಾಯಂದಿರ ಮಕ್ಕಳೂ ಇದಕ್ಕೆ ಅರ್ಹರು. ವಿಚಾರಿಸಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಆದರೆ ಹಳ್ಳಿಯ ಕುಟುಂಬಕ್ಕೆ ಇಟ್ಟಿರುವ ಆದಾಯದ ಮಿತಿ ವರ್ಷಕ್ಕೆ 72,000 ರೂಪಾಯಿ, ಎಂದರೆ ದಿನಕ್ಕೆ ಸುಮಾರು 200. ತಿಂಗಳಿಡೀ ಕೂಲಿಗೆ ಹೋಗುವ ತಾಯಿ ಆ ಗೆರೆಯನ್ನು ದಾಟಿಬಿಡುತ್ತಾಳೆ. ದುಡಿದದ್ದೇ ಆಕೆಯ ತಪ್ಪಾಗಬಾರದು, ಈ ಮಿತಿ ಏರಲೇಬೇಕು. ಗಂಡನಿಂದ ಜೀವನಾಂಶ ಕೇಳಲು ವಿಚ್ಛೇದನವಾಗಿರಬೇಕೆಂದಿಲ್ಲ, ಮತ್ತು ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ಇದನ್ನು ತಿಳಿಯದೆ ಸಾಲ ಮಾಡಿದವರನ್ನು ನಾನು ನೋಡಿದ್ದೇನೆ.

ಪೋಷಕರ ಸಭೆಯನ್ನು ಬೆಳಗಿನ ಹತ್ತರ ಬದಲು ಸಂಜೆ ಆರೂವರೆಗೆ ಇಡಲು ನಾವು ತೀರ್ಮಾನಿಸಿದ್ದು ಆ ಹುಡುಗನ ದೆಸೆಯಿಂದ. ಮೊದಲ ಸಂಜೆಯೇ ಅವನ ತಾಯಿ ಬಂದರು. ಬಿಸಿನೀರಿಗೆ ಬೆಳ್ಳಗೆ ಸುಕ್ಕುಗಟ್ಟಿದ್ದ ಬೆರಳುಗಳಲ್ಲಿ ಪೆನ್ನು ಹಿಡಿದು, ಪ್ರಗತಿಪತ್ರದಲ್ಲಿ ಪೋಷಕರ ಸಹಿಯ ಜಾಗದಲ್ಲಿ ಅಕ್ಷರ ಅಕ್ಷರವಾಗಿ ತಮ್ಮ ಹೆಸರು ಬರೆದರು. ಮಗ ಪಕ್ಕದಲ್ಲಿ ನಿಂತು ನೋಡುತ್ತಿದ್ದ.

ನಮಸ್ಕಾರ.